ಯಾರೂ ಮಣ್ಣು ಒಯ್ಯದ ಕೋಟೆ

ಅಪ್ಪ ಎರಡು ತಿಂಗಳ ಮಟ್ಟಿಗೆ ಇಂಗ್ಲೆಂಡಿಗೆ ಬಂದಿದ್ದಾಗ ಕೇಳಿದ ಒಂದು ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾವಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ವಾರಕ್ಕೆ ಎರಡು ದಿನ ಕೆಲಸಕ್ಕೆಂದು ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ಹೋಗುವ ನನ್ನ ರೈಲು ಬರ್ಕಮ್‌ಸ್ಟೆಡ್ ಎಂಬ ಊರನ್ನು ಹಾಯುವಾಗ, ಎಡಗಡೆಯ ಕಿಟಕಿಯಲ್ಲಿ ಕೆಲವು ಕ್ಷಣ ಹಸಿರು ದಿಬ್ಬವೊಂದು, ಅದರ ಸುತ್ತ ಅಲೆಯಂತೆ ಏರಿಳಿಯುವ ಹುಲ್ಲಿನ ಏರಿಗಳು, ನಡುನಡುವೆ ಮುರಿದ ಹಲ್ಲಿನಂತೆ ನಿಂತ ಗೋಡೆಯ ತುಂಡುಗಳು ಕಾಣಿಸಿ ಮರೆಯಾಗುತ್ತವೆ. ಆ ದಿಬ್ಬವೇ ಬರ್ಕಮ್‌ಸ್ಟೆಡ್ ಕೋಟೆ. ಅಪ್ಪನಿಗೆ ಕೋಟೆಗಳೆಂದರೆ ಪ್ರೀತಿಯಿದ್ದುದರಿಂದ ಒಂದು ಶನಿವಾರ ಅವರನ್ನು ಅಲ್ಲಿಗೆ ಕರೆದೊಯ್ದೆ. ಪ್ರವೇಶಕ್ಕೆ ದುಡ್ಡಿಲ್ಲ; ನಿಲ್ದಾಣದಿಂದ ಇಳಿದರೆ ನಾಲ್ಕು ಹೆಜ್ಜೆಯಷ್ಟೇ ದೂರ. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಲದ ಬದುವನ್ನು ನೋಡುತ್ತ ನಡೆಯುವ ಹಾಗೆಯೇ ಇಡೀ ಆವರಣವನ್ನು ಒಂದು ಸುತ್ತು ಹಾಕಿ ಬಂದರು. ದೊಡ್ಡ ದಿಬ್ಬದ ಬುಡದಲ್ಲಿ ನಿಂತು, ತಲೆಯೆತ್ತಿ ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದರು: "ಇಷ್ಟೊಂದ್ ಮಣ್ಣ ಐತಿ. ಯಾರೂ ಒಯ್ಯಂಗಿಲ್ಲೇನು?"

ಅಪ್ಪ ಇದನ್ನು ತಮಾಷೆಗೆ ಕೇಳಿದ್ದಲ್ಲ. ಐವತ್ತು ವರ್ಷ ಮಣ್ಣಿನೊಂದಿಗೆ ಬದುಕಿದ ಮನುಷ್ಯನಿಗೆ, ಊರ ನಡುವೆ ಹನ್ನೆರಡು ಮೀಟರ್ ಎತ್ತರದ ಮಣ್ಣಿನ ರಾಶಿ ಒಂಬತ್ತು ಶತಮಾನ ಕಳೆದರೂ ಹಾಗೆಯೇ ಉಳಿದಿದೆ ಎಂಬುದು ನಿಜವಾಗಿಯೂ ವಿಚಿತ್ರವಾಗಿ ಕಂಡಿತ್ತು. ನಮ್ಮೂರಿನಲ್ಲಿ ಅಂಥ ರಾಶಿ ಉಳಿಯುತ್ತಿರಲಿಲ್ಲ, ಉಳಿಯಲಿಲ್ಲ ಕೂಡ. ಅವರು ಊರಿಗೆ ಮರಳಿದ ಮೇಲೂ, ರೈಲು ಆ ದಿಬ್ಬವನ್ನು ದಾಟಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕೆಣಕುತ್ತಲೇ ಇದೆ.

ಅಗೆಸಿದ ಕೋಟೆ

ಕೋಟೆಯೆಂದರೆ ಚಿತ್ರದುರ್ಗದ ಕಲ್ಲಿನ ಸುತ್ತುಗಳನ್ನು ನೆನೆಯುವ ನಮಗೆ, ಮಣ್ಣಿನ ದಿಬ್ಬವೊಂದನ್ನು ಕೋಟೆಯೆಂದು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಬೇಕು. 1066ರಲ್ಲಿ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದಾಗ ಅವನ ಬಳಿ ಕಲ್ಲು ಕಡಿದು ಕಟ್ಟುವಷ್ಟು ಸಮಯವಿರಲಿಲ್ಲ. ಹಗೆಗಳ ನಡುವೆ ಬೇಗ ಬೇಗ ನೆಲೆಯೂರಬೇಕಿತ್ತು. ಆದ್ದರಿಂದ ಸುತ್ತಲೂ ಆಳವಾದ ಕಂದಕ ತೋಡಿ, ಅದೇ ಮಣ್ಣನ್ನು ನಡುವೆ ರಾಶಿ ಹಾಕಿ ಬಡಿದು ಗಟ್ಟಿಮಾಡಿ, ತುದಿಯಲ್ಲಿ ಮರದ ಗೋಪುರ ನಿಲ್ಲಿಸಿ, ಕೆಳಗೆ ಜನ ಮತ್ತು ಕುದುರೆಗಳಿಗೆ ಏರಿಯಿಂದ ಸುತ್ತುವರಿದ ಅಂಗಳವೊಂದನ್ನು ಮಾಡಿಕೊಳ್ಳುವ ಪದ್ಧತಿ ದೇಶದುದ್ದಕ್ಕೂ ಹರಡಿತು. ಈ ದಿಬ್ಬಕ್ಕೆ ಇಂಗ್ಲಿಷಿನಲ್ಲಿ ಮಾಟ್ ಎಂದೂ ಅಂಗಳಕ್ಕೆ ಬೈಲಿ ಎಂದೂ ಹೆಸರು. ವಿಲಿಯಮನ ಗೆಲುವನ್ನು ಬಣ್ಣದ ಉಣ್ಣೆಯ ದಾರಗಳಲ್ಲಿ ಹೇಳುವ, ಸುಮಾರು ಎಪ್ಪತ್ತು ಮೀಟರ್ ಉದ್ದದ ಬಾಯೂ ಕಸೂತಿ ಪಟದಲ್ಲಿ ಹೇಸ್ಟಿಂಗ್ಸ್‌ನ ದಿಬ್ಬ ಏಳುತ್ತಿರುವ ದೃಶ್ಯವಿದೆ. ಆಳುಗಳು ಗುದ್ದಲಿ ಸಲಿಕೆ ಹಿಡಿದು ದುಡಿಯುತ್ತಿದ್ದಾರೆ; ದಿಬ್ಬದ ಪದರಗಳನ್ನು ಬೇರೆ ಬೇರೆ ಬಣ್ಣದ ಪಟ್ಟಿಗಳಾಗಿ ಹೊಲಿದಿದ್ದಾರೆ. (ಅದೇ ದೃಶ್ಯದಲ್ಲಿ ಇಬ್ಬರು ಆಳುಗಳು ಸಲಿಕೆಯಿಂದ ಒಬ್ಬರ ತಲೆಗೊಬ್ಬರು ಹೊಡೆದಾಡುತ್ತಿದ್ದಾರೆ. ಹೊಲಿದವರು ಅದನ್ನೂ ಬಿಟ್ಟಿಲ್ಲ.) ಮೇಲಿರುವ ಲ್ಯಾಟಿನ್ ಸಾಲು ಹೇಳುವುದು, ಹೇಸ್ಟಿಂಗ್ಸ್‌ನಲ್ಲಿ ಕೋಟೆಯನ್ನು "ಅಗೆಯಬೇಕು" ಎಂದು ಅಪ್ಪಣೆಯಾಯಿತು ಎಂದು.

ಕೋಟೆಯನ್ನು ಕಟ್ಟುವುದು ಎನ್ನುವ ಬದಲು ಅಗೆಯುವುದು ಎಂದ ಆ ಕ್ರಿಯಾಪದವನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮದೇ ಹಳೆಯ ಮಾತು. ಕಂದಕಕ್ಕೆ ಕನ್ನಡದಲ್ಲಿ ಅಗಳು ಎನ್ನುತ್ತೇವೆ. ಹಳಗನ್ನಡದಲ್ಲಿ ಆ ಪದದ ಬೇರು ತೋಡುವುದು, ಅಗೆಯುವುದು ಎಂಬ ಅರ್ಥದ ಧಾತುವಿನಲ್ಲೇ ಇದೆ. ತಗ್ಗು ಮತ್ತು ಎತ್ತರ ಒಂದೇ ಕೆಲಸದ ಎರಡು ಮುಖಗಳೆಂಬುದು ಮಣ್ಣಿನ ಕೋಟೆಯ ಮೂಲಸೂತ್ರ. ಅಗಳನ್ನು ಮುಚ್ಚಿದರೆ ದಿಬ್ಬದ ಅರ್ಥ ಕೆಡುತ್ತದೆ, ದಿಬ್ಬವನ್ನು ತೆಗೆದರೆ ಅಗಳು ಬರೀ ಗುಂಡಿಯಾಗುತ್ತದೆ.

ಬರ್ಕಮ್‌ಸ್ಟೆಡ್‌ನಲ್ಲಿ ಇದು ಇನ್ನಷ್ಟು ಸ್ಪಷ್ಟ, ಏಕೆಂದರೆ ಅಲ್ಲಿ ಒಂದರ ಹೊರಗೊಂದು ಎರಡು ಅಗಳುಗಳಿವೆ. ವಿಲಿಯಮನ ಮಲಸಹೋದರ, ಮಾರ್ಟೇನಿನ ರಾಬರ್ಟ್ ಎಂಬವನ ಕಾಲದಲ್ಲಿ ಎದ್ದ ಈ ಕೋಟೆ ಬುಲ್‌ಬೋರ್ನ್ ಎಂಬ ಚಿಕ್ಕ ಹೊಳೆಯ ಕಣಿವೆಯಲ್ಲಿದೆ. ಅಗಳುಗಳಲ್ಲಿ ಒಂದು ಕಾಲಕ್ಕೆ ನೀರು ನಿಲ್ಲುತ್ತಿತ್ತು. ಈಗ ಅವು ಹೆಚ್ಚಿನ ಕಾಲ ಒಣಗಿಯೇ ಇರುತ್ತವೆ. ನಂತರದ ಶತಮಾನದಲ್ಲಿ ಮರದ ಜಾಗಕ್ಕೆ ಚಕಮಕಿ ಕಲ್ಲಿನ ಗೋಡೆಗಳು ಬಂದವು. ಮುಂದೆ ಹುತಾತ್ಮ ಸಂತನೆನಿಸಿದ ಥಾಮಸ್ ಬೆಕೆಟ್ ರಾಜನ ಚಾನ್ಸಲರ್ ಆಗಿದ್ದಾಗ ಇದು ಅವನ ಕೈಯಲ್ಲಿತ್ತು. 1272ರಲ್ಲಿ ಕಾರ್ನ್‌ವಾಲಿನ ಅರ್ಲ್ ರಿಚರ್ಡ್ ಇಲ್ಲಿಯೇ ತೀರಿಕೊಂಡ. ಇಬ್ಬರು ರಾಜರ ತಾಯಿ ಸಿಸಿಲಿ ನೆವಿಲ್ 1495ರಲ್ಲಿ ಇಲ್ಲಿ ಕಣ್ಣುಮುಚ್ಚಿದ ಮೇಲೆ ಕೋಟೆ ಪಾಳುಬಿತ್ತು. ಎಲಿಜಬೆತ್ ರಾಣಿಯ ಕಾಲದಲ್ಲಿ ಸರ್ ಎಡ್ವರ್ಡ್ ಕ್ಯಾರಿ ಎಂಬವನು ಇದನ್ನು ವರ್ಷಕ್ಕೊಂದು ಕೆಂಪು ಗುಲಾಬಿಯ ಗೇಣಿಗೆ ಪಡೆದು, ಹತ್ತಿರದ ಗುಡ್ಡದ ಮೇಲೆ ತನ್ನ ಬಂಗಲೆ ಕಟ್ಟಿಸಿದ. ಅದಕ್ಕೆ ಇಲ್ಲಿನ ಕಲ್ಲು ಹೋಯಿತು.

ಕಲ್ಲು ಹೋಯಿತು, ಮಣ್ಣು ಉಳಿಯಿತು. ನಮ್ಮೂರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ.

ಮಾಳಿಗೆಯ ಮೇಲಿನ ಹುಡೇವು

ಬಯಲುಸೀಮೆಯ ಹಲವಾರು ಊರುಗಳಂತೆ ನಮ್ಮೂರಿಗೂ ಒಂದು ಹುಡೇವು, ಅಂದರೆ ಊರ ಕಾವಲಿನ ಗೋಪುರ, ಇತ್ತು, ಅದಕ್ಕೆ ಹೊಂದಿದಂತೆ ಊರನ್ನು ಅರ್ಧ ಬಳಸಿದ ಮಣ್ಣಿನ ಗೋಡೆಯೂ ಇತ್ತು. ಕೆಳಗಿನ ಆಳೆತ್ತರ ಕಲ್ಲು, ಮೇಲೆ ಮಣ್ಣು. ನಾನು ಕಂಡಾಗಲೇ ಅದು ಸೊರಗಿತ್ತು. ರೋಹಿಣಿ ಮಳೆಗೆ ಮೊದಲು, ಮೇ ತಿಂಗಳ ಕೊನೆಯ ಬಿಸಿಲಿನಲ್ಲಿ, ಮಾಳಿಗೆಗೆ, ಅಂದರೆ ಮನೆಯ ಮಟ್ಟಸವಾದ ಮಣ್ಣಿನ ಚಾವಣಿಗೆ, ಹೊಸ ಮಣ್ಣು ಹಾಕುವುದು ಊರಿನ ಪ್ರತಿ ಮನೆಯ ಕೆಲಸವಾಗಿತ್ತು. ಮಳೆಗೆ ತೊಳೆದುಹೋದಷ್ಟನ್ನು ತುಂಬಿ, ನೀರು ಚಿಮುಕಿಸಿ, ಬಡಿದು ಸಮಮಾಡದಿದ್ದರೆ ಮಳೆಗಾಲವಿಡೀ ಮನೆಯೊಳಗೆ ಪಾತ್ರೆಗಳನ್ನಿಟ್ಟು ಸೋರುವ ನೀರು ಹಿಡಿಯಬೇಕು. ಈ ಕೆಲಸಕ್ಕೆ ಊರವರು ಮೆಚ್ಚಿದ್ದು ಹಾಳಮಣ್ಣನ್ನು, ಅಂದರೆ ಹಳೆಯ ಗೋಡೆಯ, ಹಳೆಯ ಊರಿನ ಮಣ್ಣನ್ನು. ಆ ಮಣ್ಣು ಬೂದಿ, ಕಸ, ಸುಣ್ಣ ಎಲ್ಲವನ್ನೂ ಕಾಲಕಾಲಕ್ಕೆ ಅರಗಿಸಿಕೊಂಡು ಹದವಾಗಿರುತ್ತದೆ. ಅದನ್ನು ಹೊಲಕ್ಕೆ ಹೊಡೆದರೆ ಗೊಬ್ಬರದ ಕೆಲಸವನ್ನೂ ಮಾಡುತ್ತದೆ.

ನಾನು ಏಳೆಂಟು ವರ್ಷದವನಿದ್ದಾಗಿನ ಒಂದು ಬೆಳಗು ಚೆನ್ನಾಗಿ ನೆನಪಿದೆ. ಅಪ್ಪ ಮತ್ತು ಕಾಕಾ ಚಕ್ಕಡಿ ಹೂಡಿಕೊಂಡು ಹುಡೇವಿನ ಬುಡಕ್ಕೆ ಹೋದರು. ನಾನು ಚಕ್ಕಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೆ. ಕಾಕಾ ಗುದ್ದಲಿ ಹಾಕಿದಾಗ ಗೋಡೆಯ ಮೈಯಿಂದ ಮಣ್ಣು ಹೆಂಟೆ ಹೆಂಟೆಯಾಗಿ ಇಳಿಯುತ್ತಿತ್ತು. ಕೆಡವಿದ ಜಾಗದಲ್ಲಿ ಪದರಗಳು ಕಾಣಿಸುತ್ತಿದ್ದವು: ಒಂದು ಕಂದು, ಅದರ ಕೆಳಗೊಂದು ಬೂದು, ಆಮೇಲೆ ಮಡಕೆಯ ಚೂರುಗಳೇ ತುಂಬಿದ ಒಂದು ತೆಳು ಪಟ್ಟಿ. ನಾನು ಕಪ್ಪು ಗಾಜಿನ ಬಳೆಯ ಚೂರೊಂದನ್ನು ಆಯ್ದು ಜೇಬಿಗೆ ಹಾಕಿಕೊಂಡೆ. ಅವ್ವ ಅದನ್ನು ನೋಡಿ, "ಹಾಳೂರಿನ ಒಡವಿ ಮನ್ಯಾಗ ತರಬಾರದು, ಒಗದು ಬಾ" ಎಂದಳು. ಒಗೆದು ಬಂದೆ. ಆದರೆ ಅದೇ ದಿನ ಅಂಥ ನೂರಾರು ಚೂರುಗಳು ಎಂಟು ಚಕ್ಕಡಿ ಮಣ್ಣಿನೊಂದಿಗೆ ನಮ್ಮ ಮಾಳಿಗೆಯನ್ನು ಏರಿದ್ದವು. ಆ ವರ್ಷದ ದೊಡ್ಡ ಮಳೆಯ ಮರುದಿನ ಮೇಲೆ ಹತ್ತಿದರೆ, ತೊಳೆದ ಮಣ್ಣಿನಲ್ಲಿ ಅವು ಅಲ್ಲಲ್ಲಿ ಮಿನುಗುತ್ತಿದ್ದವು.

ಈ ಕೆಲಸದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅಪ್ಪನಿಗೂ ಕಾಕಾನಿಗೂ ಮನೆಯೊಳಗೆ ಮಲಗುವ ಮಕ್ಕಳು ನೆನೆಯದಿರುವುದು ಮುಖ್ಯವಾಗಿತ್ತು. ಅದು ಕೋಟೆಯ ಮಣ್ಣೆಂದು ಗೊತ್ತಿತ್ತೇ ಹೊರತು, ಅದು ಅಲ್ಲಿಯೇ ಇರಬೇಕಾದ ಮಣ್ಣೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಕಲ್ಲನ್ನು ಕಂಡರೆ ಜನ ಒಂದು ಗಳಿಗೆಯಾದರೂ ಹಿಂದೆಗೆಯುತ್ತಾರೆ, ಅದರ ಮೇಲೆ ಯಾರದೋ ಕೈಗೆಲಸ ಕಾಣುತ್ತದೆ. ಮಣ್ಣಿನ ಮೇಲೆ ಕೈಗೆಲಸ ಕಾಣುವುದಿಲ್ಲ. ಅದರ ಆಕಾರವೇ ಅದರ ಕೈಗೆಲಸ, ಮತ್ತು ಆಕಾರವನ್ನು ಒಂದೊಂದೇ ಬುಟ್ಟಿಯಾಗಿ ಒಯ್ದರೆ ಯಾವ ಬುಟ್ಟಿಯಲ್ಲಿ ಅದು ಹೋಯಿತೆಂದು ಯಾರಿಗೂ ಹೇಳಲಾಗದು. ಇಂದು ನಮ್ಮೂರಿನಲ್ಲಿ ಉಳಿದಿರುವುದು ಬುಡದ ಕಲ್ಲಿನ ಸುತ್ತು ಮತ್ತು ಅದರ ಮೇಲೆ ಮಣ್ಣಿನ ಒಂದು ತುಣುಕು. ಬೆಂಗಳೂರಿನ ಕಥೆಯೂ ಬೇರೆಯಲ್ಲ: 1537ರಲ್ಲಿ ಕೆಂಪೇಗೌಡರು ಹಾಕಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿಗೆ ತಿರುಗಿಸಿದ; ಇಂದು ನಾವು ಕೋಟೆಯೆಂದು ಹೋಗಿ ನೋಡುವುದು ಆ ಕಲ್ಲಿನ ಒಂದು ಬಾಗಿಲನ್ನೂ ಅದರ ಅಕ್ಕಪಕ್ಕವನ್ನೂ ಮಾತ್ರ.

ಎರಡು ಏರಿಗಳು

ಬರ್ಕಮ್‌ಸ್ಟೆಡ್ ದಿಬ್ಬದ ತುದಿಗೆ ಮೆಟ್ಟಿಲುಗಳಿವೆ. ಮೇಲೆ ಗುಂಡಗಿನ ಗೋಡೆಯ ಅಡಿಪಾಯವೂ ಒಂದು ಹಳೆಯ ಬಾವಿಯೂ ಇವೆ. ಅಲ್ಲಿ ನಿಂತು ನೈಋತ್ಯಕ್ಕೆ ನೋಡಿದರೆ, ಅಗಳಿನ ಆಚೆ ಇನ್ನೊಂದು ಮಣ್ಣಿನ ಏರಿ ನೇರವಾಗಿ ಓಡುವುದು ಕಾಣುತ್ತದೆ, ಅದರ ಮೇಲೆ ರೈಲು. ಅಪ್ಪ ಅದನ್ನು ನೋಡಿ, ಅದೂ ಕೋಟೆಯದೇ ಭಾಗವೇ ಎಂದು ಕೇಳಿದ್ದರು. ಅದು 1830ರ ದಶಕದ್ದು. ರಾಬರ್ಟ್ ಸ್ಟೀಫನ್‌ಸನ್ ಮುಂದಾಳತ್ವದಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುದಾರಿ ಈ ಕಣಿವೆಯನ್ನು ಹಿಡಿದು ಬಂದಾಗ, ಕೋಟೆ ಸರಿಯಾಗಿ ಅದರ ದಾರಿಯಲ್ಲಿತ್ತು. 1833ರಲ್ಲಿ ಆ ರೈಲುದಾರಿಗಾಗಿ ಸಂಸತ್ತು ಮಾಡಿದ ಕಾಯ್ದೆಯಲ್ಲೇ ಈ ಕೋಟೆಗೆ ರಕ್ಷಣೆ ಸಿಕ್ಕಿತು. ಬ್ರಿಟನ್ನಿನಲ್ಲಿ ಕಾನೂನಿನ ಮೂಲಕ ಕಟ್ಟಡವೊಂದನ್ನು ರೈಲಿನಿಂದ ಉಳಿಸಿದ ಮೊದಲ ಉದಾಹರಣೆಯೆಂದು ಇದನ್ನು ಹೇಳುತ್ತಾರೆ. ಸ್ಮಾರಕಗಳಿಗೆಂದೇ ದೇಶದ ಮೊದಲ ಕಾಯ್ದೆ ಬಂದದ್ದು ಅದಾದ ನಲವತ್ತೊಂಬತ್ತು ವರ್ಷಗಳ ನಂತರ, 1882ರಲ್ಲಿ.

ಆ ರಕ್ಷಣೆ ಪೂರ್ತಿಯಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ದಿಬ್ಬ ಉಳಿಯಿತು, ಅಂಗಳ ಉಳಿಯಿತು. ಆದರೆ ದಕ್ಷಿಣದ ಹೊರ ಏರಿಗಳೂ ಮುಂಬಾಗಿಲಿನ ಕಟ್ಟಡವೂ ರೈಲಿನ ಏರಿಯ ಅಡಿಗೆ ಹೋದವು. ಅಂದರೆ, ನಾನು ವಾರಕ್ಕೆರಡು ದಿನ ಕೋಟೆಯನ್ನು ನೋಡುವುದು ಕೋಟೆಯ ಕಳೆದುಹೋದ ಭಾಗದ ಮೇಲೆ ಕುಳಿತುಕೊಂಡೇ. ಈ ಸಂಗತಿ ಗೊತ್ತಾದ ಮೇಲೆ ಆ ಕೆಲವು ಕ್ಷಣಗಳಲ್ಲಿ ಮೊಬೈಲ್ ನೋಡುವುದನ್ನು ಬಿಟ್ಟಿದ್ದೇನೆ.

ಉತ್ತರ ಮತ್ತು ಪೂರ್ವದ ಹೊರ ಏರಿ ಮಾತ್ರ ಉಳಿದಿದೆ, ಮತ್ತು ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ. ಆ ಏರಿಗೆ ಅಂಟಿಕೊಂಡಂತೆ ಕೊತ್ತಲಗಳ ಹಾಗೆ ಮುಂದಕ್ಕೆ ಚಾಚಿದ ಮಣ್ಣಿನ ಕಟ್ಟೆಗಳಿವೆ. 1216ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಬಂಡಾಯಗಾರ ಸರದಾರರ ಕರೆಗೆ ಬಂದಿದ್ದ ಫ್ರಾನ್ಸಿನ ರಾಜಕುಮಾರ ಲೂಯಿ ಈ ಕೋಟೆಗೆ ಮುತ್ತಿಗೆ ಹಾಕಿ, ಕಲ್ಲೆಸೆಯುವ ಯಂತ್ರಗಳಿಂದ ಒಳಗಿನವರನ್ನು ಹಣ್ಣುಮಾಡಿ, ತಿಂಗಳು ತುಂಬುವ ಮೊದಲೇ ಗೆದ್ದುಕೊಂಡ. ಆ ಯಂತ್ರಗಳನ್ನು ನಿಲ್ಲಿಸಲು ಮುತ್ತಿಗೆಕಾರರೇ ಈ ಕಟ್ಟೆಗಳನ್ನು ಹಾಕಿದರೆಂದು ಒಂದು ವಾದ. ಅವು ಕೋಟೆಯವರದೇ ರಕ್ಷಣೆಯ ಭಾಗವೆಂದು ಇನ್ನೊಂದು ವಾದ. ಮಣ್ಣು ಇನ್ನೂ ಅಲ್ಲಿರುವುದರಿಂದಲೇ ಈ ಚರ್ಚೆ ಜೀವಂತವಾಗಿದೆ. ಯಾರಾದರೂ ಆ ಕಟ್ಟೆಗಳನ್ನು ಸಮಮಾಡಿ ಮೈದಾನ ಮಾಡಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಮ್ಮೂರ ಗೋಡೆಯಲ್ಲಿ ನಾನು ಕಂಡ ಕಂದು, ಬೂದು, ಮಡಕೆಚೂರಿನ ಪದರಗಳು ಯಾವ ಪ್ರಶ್ನೆಗೆ ಉತ್ತರವಾಗಬಹುದಿತ್ತೆಂದು ಈಗ ಯೋಚಿಸಿದರೆ ಸಂಕಟವಾಗುತ್ತದೆ. ಆ ಪದರಗಳು ಯಾವ ಕ್ರಮದಲ್ಲಿದ್ದವೆಂಬುದೇ ಅವುಗಳ ಮಾತಾಗಿತ್ತು. ಚಕ್ಕಡಿಗೆ ಬಿದ್ದೊಡನೆ ಆ ಕ್ರಮ ಕಲಸಿಹೋಯಿತು.

ಹುಲ್ಲಿನ ಕಾವಲು

1882ರ ಕಾಯ್ದೆಯ ಪಟ್ಟಿಯನ್ನು ನೋಡಿದಾಗ ನನಗೆ ಅಚ್ಚರಿಯಾದದ್ದು, ಅದರಲ್ಲಿ ಸ್ಟೋನ್‌ಹೆಂಜ್‌ನ ಜೊತೆಗೇ ಸಿಲ್‌ಬರಿ ಹಿಲ್‌ನಂಥ ಬರೀ ಮಣ್ಣು–ಸೀಮೆಸುಣ್ಣದ ದಿಬ್ಬವೂ ಇದೆ ಎಂಬುದು. ಅಂದರೆ ಆ ಕಾಯ್ದೆಯ ಕಣ್ಣಿಗೆ ಮಣ್ಣು ಮೊದಲ ದಿನದಿಂದಲೇ ಬಿದ್ದಿತ್ತು. ಈಗ ಜಾರಿಯಲ್ಲಿರುವುದು 1979ರ ಕಾಯ್ದೆ. ಅದರ ಅನುಸೂಚಿಯಲ್ಲಿ ಇಂಗ್ಲೆಂಡೊಂದರಲ್ಲೇ ಸುಮಾರು 20,000 ತಾಣಗಳಿವೆ, ಬರ್ಕಮ್‌ಸ್ಟೆಡ್ ಅವುಗಳಲ್ಲೊಂದು. ಅಂಥ ಜಾಗದಲ್ಲಿ ಕೆಡವುವುದಕ್ಕೆ, ತೆಗೆಯುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ, ಮೇಲೆ ಮಣ್ಣು ಸುರಿಯುವುದಕ್ಕೂ, ನೀರು ನಿಲ್ಲಿಸುವುದಕ್ಕೂ ಮೊದಲೇ ಸರ್ಕಾರದ ಒಪ್ಪಿಗೆ ಬೇಕು. ಅನುಮತಿಯಿಲ್ಲದೆ ಲೋಹಶೋಧಕ ಯಂತ್ರ ಹಿಡಿದು ಅಡ್ಡಾಡಿದರೂ ಅಪರಾಧ. ಇಲ್ಲಿ ಜಾಗದ ಒಡೆತನ ಕಾರ್ನ್‌ವಾಲಿನ ಡಚಿ ಎಂಬ ರಾಜಮನೆತನದ ಜಹಗೀರಿನದು, ನೋಡಿಕೊಳ್ಳುವ ಹೊಣೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಒಡೆಯ ಒಡೆಯನಾಗಿಯೇ ಉಳಿದು ಕಾಪಾಡುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವ ಈ ಏರ್ಪಾಡನ್ನೂ ತಂದದ್ದು 1882ರ ಕಾಯ್ದೆಯೇ.

ಕಾಗದದ ಮೇಲಿನ ಈ ಕಾವಲಿನಷ್ಟೇ ಮುಖ್ಯವಾದ ಇನ್ನೊಂದು ಕಾವಲು ಹುಲ್ಲಿನದು. ಮಣ್ಣಿನ ಕೋಟೆಗೆ ಹುಲ್ಲೇ ಮಾಳಿಗೆ. ಬೇರುಗಳ ದಟ್ಟ ಹೆಣಿಗೆ ಮಳೆಯ ಹೊಡೆತವನ್ನು ತಾಳಿಕೊಂಡು ಇಳಿಜಾರನ್ನು ಹಿಡಿದಿಡುತ್ತದೆ. ಅದು ಒಂದು ಕಡೆ ಹರಿದರೆ, ಜನ ಅಡ್ಡದಾರಿ ಹಿಡಿದು ಹತ್ತಿ ಸವೆಸಿದರೆ, ಮೊಲ ಬಿಲ ತೋಡಿದರೆ, ಆ ಗಾಯದಿಂದಲೇ ಮಣ್ಣು ಜರಿಯಲು ಶುರುವಾಗುತ್ತದೆ. ಮರಗಳು ಇವೆಲ್ಲಕ್ಕಿಂತ ಕಠಿಣ ಶತ್ರುಗಳು: ಬೇರು ಪದರಗಳನ್ನು ಸೀಳುತ್ತದೆ, ಬಿರುಗಾಳಿಗೆ ಮರ ಉರುಳಿದರೆ ಬೇರಿನೊಂದಿಗೆ ಬಂಡಿಗಟ್ಟಲೆ ಮಣ್ಣೂ ಎದ್ದುಬರುತ್ತದೆ. ಮರ ನೆಡುವುದು ಎಲ್ಲೆಡೆ ಪುಣ್ಯವೆಂದು ನಂಬಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ.

ಅಪ್ಪನ ಪ್ರಶ್ನೆಗೆ ಅರ್ಧ ಉತ್ತರವನ್ನು ಅಂದೇ ಅಪ್ಪನೇ ಕಂಡುಕೊಂಡಿದ್ದರು ಎಂಬುದು ನನಗೆ ತಡವಾಗಿ ಹೊಳೆಯಿತು. ದಿಬ್ಬದಿಂದ ಇಳಿಯುವಾಗ ಯಾವುದೋ ಪ್ರಾಣಿ ಕೆದರಿದ್ದ ಚಿಟಿಕೆ ಮಣ್ಣನ್ನು ಅವರು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ್ದರು. ಚಿಲ್ಟರ್ನ್ ಬೆಟ್ಟಸಾಲಿನ ನೆಲ ಅದು, ಅಡಿಯಲ್ಲೆಲ್ಲ ಸೀಮೆಸುಣ್ಣ ಮತ್ತು ಚಕಮಕಿ ಕಲ್ಲು. "ಇದು ಮಾಳಿಗಿಗೂ ಬರಂಗಿಲ್ಲ, ಹೊಲಕ್ಕೂ ಬರಂಗಿಲ್ಲ" ಎಂದು, ಎಲ್ಲಿಂದ ತೆಗೆದಿದ್ದರೋ ಅಲ್ಲಿಯೇ ಅದನ್ನು ಉದುರಿಸಿ ಕೈ ಒರೆಸಿಕೊಂಡಿದ್ದರು. ಬೇಡವಾದದ್ದರಿಂದ, ಕೋಟೆ ಪಾಳುಬಿದ್ದ ಮೇಲಿನ ಮೊದಲ ಮುನ್ನೂರು ವರ್ಷ ಮಣ್ಣು ಉಳಿಯಿತು. ರೈಲಿನ ಕಾಲಕ್ಕೆ ಆ ಜಾಗವೇ ಬೇಕಾದಾಗ ಕಾನೂನು ಅಡ್ಡನಿಂತಿತು.

ಕಾನೂನು ನಮ್ಮಲ್ಲೂ ಇಲ್ಲವೆಂದಲ್ಲ. 1904ರ ಸ್ಮಾರಕ ಕಾಯ್ದೆಯ ವ್ಯಾಖ್ಯೆಯಲ್ಲಿ ಸಮಾಧಿ ದಿಬ್ಬದ ಮಾತಿದೆ. 1958ರ ಕೇಂದ್ರ ಕಾಯ್ದೆ ನೂರು ವರ್ಷಕ್ಕಿಂತ ಹಳೆಯ ಅವಶೇಷಗಳಿವೆಯೆಂದು ನಂಬಲು ಕಾರಣವಿರುವ ಯಾವ ನೆಲವನ್ನಾದರೂ ರಕ್ಷಿಸುವಷ್ಟು ವಿಶಾಲವಾಗಿದೆ, 1961ರಲ್ಲಿ ರಾಜ್ಯವೂ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಕೊರತೆಯಿರುವುದು ಮಣ್ಣನ್ನು ಕಾಣುವ ಕಣ್ಣಿನಲ್ಲಿ. ಕೊಡಗಿನ ಕಡಂಗಗಳನ್ನೇ ನೋಡಿ. ಹದಿನೈದರಿಂದ ಇಪ್ಪತ್ತೈದು ಅಡಿ ಎತ್ತರದ ಏರಿ, ಅದರ ಪಕ್ಕಕ್ಕೆ ಹತ್ತು ಅಡಿ ಆಳದ ಅಗಳು. ಒಂಬತ್ತು, ಹತ್ತನೆಯ ಶತಮಾನದ ಶಾಸನಗಳಲ್ಲಿ ಅವುಗಳ ಉಲ್ಲೇಖವಿದೆ. ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಬರಹಗಳು ಅವುಗಳ ಒಟ್ಟು ಉದ್ದವನ್ನು 500ರಿಂದ 600 ಮೈಲಿ ಎಂದು ಅಂದಾಜಿಸಿದ್ದವು. ಬರ್ಕಮ್‌ಸ್ಟೆಡ್‌ನ ದಿಬ್ಬ ಏಳುವ ಮೊದಲೇ ನಮ್ಮವರು ಅಗೆದು ಕಟ್ಟಿದ ರಕ್ಷಣೆಯ ಸಾಲು ಅದು. ಕಾಫಿ ತೋಟದ ನಡುವೆ ಕಡಂಗವನ್ನು ದಾಟಿ ನಡೆದವರಲ್ಲಿ ಎಷ್ಟು ಜನ ಅದನ್ನು ಕೋಟೆಯ ಕುಲದ್ದೆಂದು ಗುರುತಿಸಿದ್ದಾರೆ? ನಾನೇ ಕಾಲೇಜಿನ ದಿನಗಳಲ್ಲಿ ಒಂದನ್ನು ಮಳೆನೀರಿನ ಕಾಲುವೆಯೆಂದು ತಿಳಿದು ಹಾರಿ ದಾಟಿದ್ದೇನೆ.

ಕಳೆದ ತಿಂಗಳು ಫೋನಿನಲ್ಲಿ ಮಾತಾಡುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಊರಿನಲ್ಲಿ ಈಗ ಹೆಚ್ಚಿನವು ಆರ್‌ಸಿಸಿ ಮನೆಗಳು. ಮಾಳಿಗೆಗೆ ಮಣ್ಣು ಹೊರುವವರಿಲ್ಲ. ಹುಡೇವಿನ ಪಕ್ಕದ ಜಾಗದಲ್ಲಿ ಮಾತ್ರ ಸಮುದಾಯ ಭವನ ಕಟ್ಟುವ ಮಾತು ನಡೆದಿದೆಯಂತೆ, ಜೆಸಿಬಿ ಬಂದರೆ ಒಂದು ಮಧ್ಯಾಹ್ನದ ಕೆಲಸವಂತೆ. ಉಳಿದದ್ದರ ಅಳತೆಯನ್ನೂ ಫೋಟೋಗಳನ್ನೂ ಸೇರಿಸಿ ಒಂದು ಅರ್ಜಿ ಬರೆಯೋಣವೆಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ನೋಡ್ತೀನಿ" ಎಂದರು. ಮರುದಿನ ಬೆಳಗ್ಗೆ, ಇಲ್ಲಿ ಇನ್ನೂ ಕತ್ತಲಿರುವಾಗಲೇ, ಅವರ ಕರೆ ಬಂತು. ಊರಲ್ಲಿ ಬಿಸಿಲೇರುವ ಮೊದಲೇ ಹೋಗಿ ಬಂದಿದ್ದರು. "ಬರಕೋ," ಎಂದರು. "ಉದ್ದ ನಲವತ್ತೆರಡು ಹೆಜ್ಜಿ. ಎತ್ತರ, ನಾ ಕೈ ಮ್ಯಾಲೆತ್ತಿದರ ಅದಕ್ಕಿಂತ ಒಂದು ಮೊಳ ಹೆಚ್ಚು. ಬಡಗಣ ಕಡಿ, ನಾವು ಅಗದಿದ್ವೆಲ್ಲ, ಅಲ್ಲಿ ಪದರ ಇನ್ನೂ ಕಾಣತಾವು."